ನಾಳೆ ಯಾರು ಮನೆಗೆ?

ನಾಕೌಟ್ ಪಂದ್ಯಾವಳಿಯಲ್ಲಿ ಸೋತವನಿಗೆ ಒಂದು ಸುಖವಿದೆ. ಅವನು ಅಂದೇ ಗಂಟುಮೂಟೆ ಕಟ್ಟಿ ಮನೆಗೆ ಹೋಗಬಹುದು. ಯಾರು ಗೆಲ್ಲುತ್ತಾರೆಂದು ಹಿಂದಿನ ದಿನವೇ ಪೇಪರಿಗೆ ಬರೆದು ತಪ್ಪಿದವನಿಗೆ ಆ ಸುಖವಿಲ್ಲ. ಅವನು ಮರುದಿನವೂ ಅದೇ ಪೇಟೆಯಲ್ಲಿ ಸೈಕಲ್ ತುಳಿಯಬೇಕು, ಅದೇ ಹೋಟೆಲಿನಲ್ಲಿ ಚಹಾ ಕುಡಿಯಬೇಕು, ಅದೇ ಜನರ ಕೈಗೆ ಸಿಗಬೇಕು. ಕೊಲ್ಹಾಪುರದಲ್ಲಿ ನಾನು ಬಹಳ ವರ್ಷ ಮಾಡಿದ್ದು ಈ ಕೆಲಸ. ಇವತ್ತಿಗೂ ಹಲಗಿ ವಾದ್ಯದ ಸದ್ದು ಕೇಳಿದರೆ ನನ್ನ ಕೈ ತಾನಾಗಿ ಟೋಪಿ ಹುಡುಕುತ್ತದೆ. ಯಾಕೆಂದು ಮುಂದೆ ತಿಳಿಯುತ್ತದೆ.

ಮೊನ್ನೆ ಬೆಳಗಾವಿಯ ನಮ್ಮ ಮನೆಗೆ, ಪತ್ರಿಕೆಯೊಂದರ ಕ್ರೀಡಾ ವಿಭಾಗಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿ ಇಬ್ಬರು ಬಂದಿದ್ದರು. "ಸರ್, ಆಗ ಟಿವಿ ಇರ್ಲಿಲ್ಲ, ಕಂಪ್ಯೂಟರ್ ಇರ್ಲಿಲ್ಲ. ಯಾವ ಆಧಾರದ ಮ್ಯಾಲ ಭವಿಷ್ಯ ಬರೀತಿದ್ರಿ?" ಎಂದು ಕೇಳಿದರು. ನಾನು ಆಧಾರ ಹೇಳಲು ಹೋಗಿ ಕಥೆ ಹೇಳುತ್ತ ಕುಳಿತೆ. ಅವರ ಬಸ್ಸಿನ ಹೊತ್ತಾಯಿತು, ನನ್ನ ಮಾತು ಅರ್ಧಕ್ಕೆ ನಿಂತಿತು. ಉಳಿದರ್ಧವನ್ನೂ ಸೇರಿಸಿ ಈಗ ಬರೆಯುತ್ತಿದ್ದೇನೆ. ನಾನು ಯಾವಾಗ ಹಿರಿಯ ವರದಿಗಾರನಾದೆ, ಯಾವಾಗ ಕೈ ಇರುವ ಕುರ್ಚಿ ಸಿಕ್ಕಿತು ಎಂಬುದೆಲ್ಲ ಇಲ್ಲಿ ಬೇಡ. ಕುರ್ಚಿಗೆ ಕೈ ಬಂದ ಮೇಲೆ ನಾನು ಮೈದಾನಕ್ಕೆ ಹೋಗುವುದೇ ಕಡಿಮೆಯಾಯಿತು, ಹಾಗಾಗಿ ಹೇಳುವಂಥದ್ದೂ ಕಡಿಮೆ.

ನಮ್ಮದು ಇಚಲಕರಂಜಿಯ ಮಗ್ಗದವರ ಗಲ್ಲಿ. ಅಪ್ಪ ರಬಕವಿಯ ಕಡೆ ಕೈಮಗ್ಗ ನೇಯುತ್ತಿದ್ದವರು, ಹೊಟ್ಟೆಪಾಡಿಗೆ ಪಾವರ್ ಮಗ್ಗ ಹುಡುಕಿಕೊಂಡು ಬಂದಿದ್ದರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಅಣ್ಣ ಈರಪ್ಪ ಅಪ್ಪನ ಹಿಂದೆಯೇ ಶೆಡ್ಡಿಗೆ ಹೋದ. ನಾನು ಮೆಟ್ರಿಕ್ ಪಾಸಾಗಿ ಕೊಲ್ಹಾಪುರದ ಒಂದು ಸಣ್ಣ ಮರಾಠಿ ದಿನಪತ್ರಿಕೆಯಲ್ಲಿ ಪ್ರೂಫ್ ತಿದ್ದುವ ಕೆಲಸಕ್ಕೆ ಸೇರಿದೆ. ಐವತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಸಂಜೆಯಾದರೆ ಪ್ರೂಫ್ ಬಿಟ್ಟು ಫುಟ್‌ಬಾಲ್ ನೋಡಲು ಓಡುತ್ತಿದ್ದೆ. ಅದು ಸಂಪಾದಕರಿಗೆ ಗೊತ್ತಾಯಿತು. ಎಲ್ಲರೂ ಅವರನ್ನು ತಾತ್ಯಾ ಎಂದೇ ಕರೆಯುತ್ತಿದ್ದರು. ಬೈಯುತ್ತಾರೆಂದು ನಾನು ತಲೆ ತಗ್ಗಿಸಿ ನಿಂತಿದ್ದರೆ ಅವರು ಹೊಸ ಕೆಲಸ ಕೊಟ್ಟರು. ಪಂದ್ಯ ಮುಗಿದ ಮೇಲಿನ ಸುದ್ದಿಯನ್ನು ಯಾವ ಪೇಪರ್ ಬೇಕಾದರೂ ಕೊಡುತ್ತದೆ, ಮುಗಿಯುವ ಮೊದಲೇ ಹೇಳುವ ಪೇಪರ್ ನಮ್ಮದಾಗಬೇಕು ಎಂಬುದು ಅವರ ಆಸೆ. ಅಂಕಣಕ್ಕೆ ಹೆಸರನ್ನೂ ಅವರೇ ಇಟ್ಟರು: "ಉದ್ಯಾ ಘರೀ ಕೋಣ?" ಅಂದರೆ, ನಾಳೆ ಯಾರು ಮನೆಗೆ?

ತಾತ್ಯಾರದು ಒಂದೇ ಕಾಯ್ದೆ. "ಜರ್-ತರ್ ನಕೋ. ನಾವ ಲಿಹೀ." ಆದರೆ-ಹೋದರೆ ಬೇಡ, ಹೆಸರು ಬರಿ. ನಾನು "ಗೆಲ್ಲುವ ಸಂಭವವಿದೆ" ಎಂದು ಬರೆದರೆ 'ಸಂಭವ' ಹೊಡೆದು ಹಾಕುತ್ತಿದ್ದರು. "ಬಹುಶಃ" ಎಂಬ ಶಬ್ದ ಕಂಡರಂತೂ ಕನ್ನಡಕ ತೆಗೆದು ನನ್ನನ್ನು ನೋಡುತ್ತಿದ್ದರು. ಆ ನೋಟಕ್ಕೆ ಅಂಜಿ ನಾನು ಎದೆ ಗಟ್ಟಿ ಮಾಡಿಕೊಂಡು ಬರೆಯುವುದನ್ನು ಕಲಿತೆ. ಗಟ್ಟಿಯಾಗಿ ಬರೆದಷ್ಟೂ ಗಟ್ಟಿಯಾಗಿ ತಪ್ಪುತ್ತಿದ್ದೆ.

ಮೊದಲ ತಪ್ಪು ಮೊದಲ ವಾರದಲ್ಲೇ ಆಯಿತು. ಕೊಲ್ಹಾಪುರದಲ್ಲಿ ಕುಸ್ತಿಯ ತಾಲೀಮುಗಳೇ, ಅಂದರೆ ಗರಡಿಮನೆಗಳೇ, ಫುಟ್‌ಬಾಲ್ ತಂಡಗಳನ್ನೂ ಸಾಕುತ್ತವೆ. ಮುಂಜಾನೆ ಕೆಂಪು ಮಣ್ಣಿನಲ್ಲಿ ಹೊರಳಿದವರು ಸಂಜೆ ಚೆಂಡಿನ ಹಿಂದೆ ಓಡುತ್ತಾರೆ. ತಾಲೀಮಿನ ಹಿರಿಯನಿಗೆ ವಸ್ತಾದ ಎನ್ನುತ್ತಾರೆ, ಅವನ ಮಾತು ಮೀರುವವರಿಲ್ಲ. ಆಗ ಎಲ್ಲರಿಗಿಂತ ಜೋರಿದ್ದದ್ದು ಜೋಡವಿಹೀರ ತಾಲೀಮು. ಅವರಿಗೆ ಮುರಗೂಡದ ತಂಡ ಎದುರಾಗಿತ್ತು. "ಜೋಡವಿಹೀರದವರು ಕಣ್ಣು ಮುಚ್ಚಿಕೊಂಡು ಆಡಿದರೂ ಸಾಕು" ಎಂದು ಬರೆದೆ. ಅವರು ನಿಜವಾಗಿಯೂ ಕಣ್ಣು ಮುಚ್ಚಿಕೊಂಡು ಆಡಿದಂತೆ ಆಡಿದರು. ಮುರಗೂಡ ಗೆದ್ದಿತು.

ಮರುದಿನ ಸಂಜೆ ಆಫೀಸಿನ ಮುಂದೆ ಹಲಗಿಯ ಸದ್ದು. ಯಾರದೋ ಮದುವೆಯ ಮೆರವಣಿಗೆ ಎಂದುಕೊಂಡು ಹೊರಗೆ ಇಣುಕಿದೆ. ಮದುಮಗ ನಾನೇ ಆಗಿದ್ದೆ. ಜೋಡವಿಹೀರದ ಹುಡುಗರು ನನ್ನ ಹಣೆಗೆ ಕುಂಕುಮ ಹಚ್ಚಿ, ಕೈಗೆ ತೆಂಗಿನಕಾಯಿ ಕೊಟ್ಟು, "ಉದ್ಯಾ ಘರೀ ಕೋಣ ಅಂತ ಕೇಳಿದ್ರಲ್ಲ ಸಾಹೇಬ, ತುಮ್ಹೀಚ! ಚಲಾ, ಘರೀ ಸೋಡತೋ" ಎಂದರು. ನೀವೇ ಮನೆಗೆ, ನಡೀರಿ ಬಿಟ್ಟು ಬರ್ತೀವಿ ಎಂದು. ಪೇಟೆಯ ತುಂಬ ಹಲಗಿ ಬಡಿಯುತ್ತ ನನ್ನ ಬಾಡಿಗೆ ಕೋಣೆಯ ಬಾಗಿಲವರೆಗೆ ಬಂದು, ನಮಸ್ಕಾರ ಮಾಡಿ ಹೋದರು. ಅಂಗಡಿಯವರು ಇಳಿದು ಬಂದು ನೋಡಿದರು. ನಾನು ಮುಖ ಮುಚ್ಚಿಕೊಳ್ಳಲು ಟೋಪಿ ಹುಡುಕುತ್ತಿದ್ದೆ. ಮರುದಿನ ತಾತ್ಯಾ, "ಪೇಪರಿನ ಹೆಸರು ಪೇಟೆಯಲ್ಲೆಲ್ಲ ಆಯಿತು" ಎಂದು ಖುಷಿಪಟ್ಟರು. ಅಂದಿನಿಂದ ಅದೊಂದು ಪದ್ಧತಿಯೇ ಆಗಿಹೋಯಿತು. ನನ್ನ ಭವಿಷ್ಯ ತಪ್ಪಿದ ದಿನ, ಸೋತವರು ಯಾರೇ ಇರಲಿ, ಜೋಡವಿಹೀರದವರು ಹಲಗಿ ತಂದು ನನ್ನನ್ನು ಮನೆಗೆ ಬಿಡುತ್ತಿದ್ದರು.

ಮೊದಮೊದಲು ನಾನು ಹಳೆಯ ಫಲಿತಾಂಶಗಳನ್ನು ನೋಡಿ ಬರೆಯುತ್ತಿದ್ದೆ. ಯಾರು ಯಾರನ್ನು ಸೋಲಿಸಿದ್ದರು, ಎಷ್ಟು ಗೋಲಿನಿಂದ, ಇಷ್ಟೇ. ಆ ಹುಚ್ಚು ಬಿಡಿಸಿದವರು ಶಿರೋಳದವರು. ಹಿಂದಿನ ವರ್ಷ ಎಲ್ಲರನ್ನೂ ಬಡಿದ ತಂಡವದು. ಗೆಲ್ಲುತ್ತಾರೆಂದು ಬರೆದೆ. ಮೈದಾನಕ್ಕೆ ಬಂದವರನ್ನು ನೋಡಿದರೆ ಎಲ್ಲರ ಕಣ್ಣೂ ಕೆಂಪು. ಗೋಲ್‌ಕೀಪರ್ ಕಂಬಕ್ಕೆ ಒರಗಿ ತೂಕಡಿಸುತ್ತಿದ್ದ. ಚೆಂಡು ಅವನ ಪಕ್ಕದಿಂದ ಸಾವಕಾಶವಾಗಿ ಉರುಳಿ ಒಳಗೆ ಹೋಯಿತು. ಪಂದ್ಯ ಮುಗಿದ ಮೇಲೆ ಹೋಗಿ ಕೇಳಿದೆ.

"ಏನ್ರಿ, ಹಿಡಿಯೋ ಚಂಡು ಬಿಟ್ರಲ್ಲ?"

"ಏನ್ ಹೇಳ್ಲಿ ಸಾಹೇಬ್ರ, ಬೆಲ್ಲದ ಗಾಣ ಚಾಲೂ ಆಗ್ಯಾವ. ಕೊಪ್ಪರಿಗಿ ಮುಂದ ಹೊಗ್ಯಾಗ ನಿಂತು ನಿಂತು ಕಣ್ಣ ಉರಿಯಾಕತ್ತಾವ್ರಿ. ನನಗ ಎರಡ ಚಂಡು ಕಂಡೂವು. ಖರೇದ್ದ ಬಿಟ್ಟು ಸುಳ್ಳದ್ದ ಹಿಡದೆ."

ಕಬ್ಬು ಕಡಿಯುವ ಕಾಲದಲ್ಲಿ ಶಿರೋಳದ ತಂಡ ಬೇರೆ, ಕಡಿದು ಮುಗಿದ ಮೇಲಿನ ತಂಡ ಬೇರೆ ಎಂಬುದು ಅಂದು ತಿಳಿಯಿತು. ಆಟಗಾರನ ಕಾಲನ್ನಷ್ಟೇ ನೋಡಿದರೆ ಸಾಲದು, ಆ ಕಾಲು ಮೈದಾನಕ್ಕೆ ಬರುವ ಮೊದಲು ಎಲ್ಲಿ ನಿಂತಿತ್ತು ಎಂದೂ ಕೇಳಬೇಕು. ಹೊಸದಾಗಿ ಈ ಕೆಲಸಕ್ಕೆ ಬಂದವರಿಗೆ ನಾನು ಹೇಳಬಹುದಾದ ಒಂದೇ ಸೂತ್ರ ಇದು. ಅಲ್ಲಿಂದ ನಾನು ಎಸ್.ಟಿ. ಬಸ್ಸಿಗೆ ಸೈಕಲ್ ಹೇರಿಕೊಂಡು ಊರೂರು ತಿರುಗತೊಡಗಿದೆ. ಯಾವ ಊರಿನಲ್ಲಿ ಯಾವಾಗ ಸುಗ್ಗಿ, ಯಾವಾಗ ಸಂತೆ, ಯಾವ ಫಾರ್ವರ್ಡ್‌ನ ತಂಗಿಯ ಲಗ್ನ, ಎಲ್ಲ ನನಗೆ ಗೊತ್ತಿರುತ್ತಿತ್ತು. ಲಗ್ನದ ಊಟವನ್ನೂ ಸಾಕಷ್ಟು ಉಂಡಿದ್ದೇನೆ.

ಇಷ್ಟಾದರೂ ಒಂದು ಸೀಸನ್ನಿನಲ್ಲಿ ನಾನು ಗೆಲ್ಲುತ್ತಾರೆಂದು ಬರೆದವರೆಲ್ಲ ಸಾಲಾಗಿ ಸೋತರು. ನನ್ನ ಪೆನ್ನಿಗೆ ಕೆಟ್ಟ ದೃಷ್ಟಿ ಇದೆ ಎಂಬ ಮಾತು ಹುಟ್ಟಿತು. ಒಂದು ದಿನ ಗಡಹಿಂಗ್ಲಜದ ಕ್ಯಾಪ್ಟನ್ ಗುರುಲಿಂಗಪ್ಪ ಆಫೀಸಿಗೆ ಬಂದ. ಮೆಣಸಿನಕಾಯಿ ಅಡತಿ ಅಂಗಡಿಯಲ್ಲಿ ತೂಕ ಮಾಡುವ ಆಳು, ಬಂದರೆ ಅವನ ಅಂಗಿಯ ಘಾಟಿಗೇ ನಾಲ್ಕು ಜನ ಸೀನಬೇಕು. ಬಗಲಲ್ಲಿ ಒಂದು ಚೀಲ ಬೇರೆ ಇತ್ತು.

"ಸಾಹೇಬ್ರ, ಒಂದ ಕೆಲಸ ಆಗಬೇಕಿತ್ರಿ."

"ಹೇಳ್ರಿ ಗುರುಲಿಂಗಪ್ಪ."

"ನಾಳೆ ನಾವು ಸೋಲ್ತೀವಿ ಅಂತ ಬರೀರಿ."

"ಯಾಕ್ರಿ? ನೀವು ಗೆಲ್ಲೂ ಹಂಗ ಅದೀರಲ್ಲ."

"ಅಯ್ಯಯ್ಯ, ಹಂಗ ಮಾತ್ರ ಅನಬ್ಯಾಡ್ರಿ! ನೀವು ಹೊಗಳಿದವರು ಒಬ್ಬರೂ ಉಳದಿಲ್ಲ. ನಮಗ ಬೈರಿ. ಬಾಯಿ ತುಂಬ ಬೈರಿ. ನಮ್ಮ ಹುಡುಗೂರು ಕತ್ತೆ ಹಂಗ ಆಡ್ತಾವಂತ ಬರೀರಿ."

ಒಳಗಿನ ಕೋಣೆಯಿಂದ ತಾತ್ಯಾ ಸೀನುತ್ತ ಬಂದು, ಚೀಲ ಹೊರಗಿಡಿಸಿ, "ಜೇ ವಾಟತೇ ತೇಚ ಲಿಹಿಣಾರ" ಎಂದರು. ನಮಗೆ ಅನಿಸಿದ್ದನ್ನೇ ಬರೆಯುತ್ತೇವೆ ಎಂದು. ನಾನು ಗೆಲ್ಲುತ್ತಾರೆಂದೇ ಬರೆದೆ, ಅವರು ಗೆದ್ದರು. ಪೆನ್ನಿನ ಅಪವಾದ ತೊಲಗಿತು ಎಂದು ನಾನು ಹಿಗ್ಗುತ್ತಿದ್ದರೆ ಗುರುಲಿಂಗಪ್ಪ ನಕ್ಕ. "ನಿಮ್ಮ ಪೇಪರ್ ಹಿಡದು ಮೆಣಸಿನಕಾಯಿ ನಿವಾಳಿಸಿ ಒಲಿಗೆ ಹಾಕಿದ್ವಿರಿ. ಅದಕ್ಕ ಗೆದ್ವಿ" ಎಂದ. ತಪ್ಪಿದರೆ ನನ್ನ ಪಾಪ, ಸರಿಯಾದರೆ ಮೆಣಸಿನಕಾಯಿಯ ಪುಣ್ಯ. ಈ ಕೆಲಸದಲ್ಲಿ ಮಾನ ಸಿಗುವುದು ಹೀಗೇ.

ಈಗ ನಮ್ಮ ಗಲ್ಲಿಯ ತಂಡದ ಮಾತಿಗೆ ಬರುತ್ತೇನೆ. ಅರವತ್ತರ ದಶಕ ಅರ್ಧ ಸಂದಿತ್ತು. ಇಚಲಕರಂಜಿಯಲ್ಲಿ ಎಲ್ಲಿ ನೋಡಿದರೂ ಹೊಸ ಶೆಡ್ಡುಗಳು ಏಳುತ್ತಿದ್ದವು. ನಮ್ಮ ಗಲ್ಲಿಯ ಪಕ್ಕ ಮಾತ್ರ ಒಂದು ಬಯಲು ಉಳಿದಿತ್ತು. ಹಿಂದೆ ಅಲ್ಲಿ ಮಗ್ಗದ ಹಾಸುನೂಲು ಎಳೆದು ಗಂಜಿ ಹಚ್ಚಿ ಒಣಗಿಸುತ್ತಿದ್ದರು. ಆ ಕೆಲಸ ಕಾರ್ಖಾನೆಗೆ ಹೋದ ಮೇಲೆ ಅದು ಹುಡುಗರ ಮೈದಾನವಾಯಿತು. ಜಾಗ ಅಣ್ಣ ದುಡಿಯುತ್ತಿದ್ದ ಶೆಡ್ಡಿನ ಮಾಲಕರದು. ನಾವು ಅವರಿಗೆ ಶೇಟಜಿ ಎನ್ನುತ್ತಿದ್ದೆವು. ಅವರೂ ಮೊದಲು ಬೇರೆಯವರ ಮಗ್ಗದ ಮುಂದೆ ನಿಂತು ದುಡಿದವರೇ.

ಒಂದು ದಿನ ಅಣ್ಣ ನನ್ನ ಕೋಣೆಗೆ ಬಂದ. ಕೂಡು ಎಂದರೂ ಕೂಡಲಿಲ್ಲ.

"ಮಲ್ಲೂ, ಶೇಟಜಿ ಆ ಬೈಲಾಗ ಹೊಸಾ ಶೆಡ್ ಕಟ್ಟಾಕತ್ತಾರ. ನಾವೆಲ್ಲ ಹೋಗಿ ಕೈ ಮುಗದ್ವಿ. ನೀವು ಫುಟ್‌ಬಾಲ್ ಅಂತ ಬರೇ ಧೂಳ ಎಬ್ಬಸ್ತೀರಿ, ಕೊಲ್ಹಾಪುರದ ಕಪ್ ತಗೊಂಡ ಬರ್ರಿ, ಬೈಲ ನಿಮ್ಮದು, ತರಲಿಲ್ಲಂದ್ರ ಪಾಯಾ ಹಾಕಸ್ತೀನಿ ಅಂದ್ರು."

"ಕಪ್ ತರೂದು ಅಂದ್ರ ಜೋಡವಿಹೀರದವರನ್ನ ಸೋಲಸಬೇಕು ಅಣ್ಣಾ."

"ಸೋಲಸಬೇಕು. ಅದೊಂದ ಬೈಲ ಉಳದೈತಿ. ಅದೂ ಹೋದ್ರ ನಮ್ಮ ಹುಡುಗೂರು ಎಲ್ಲಿ ಆಡಬೇಕು, ಗಟಾರದಾಗ?"

ಮಗ್ಗಗಳಿಗೆ ರಜೆಯಿದ್ದ ದಿನ ನಾನು ಅವರ ಪ್ರಾಕ್ಟೀಸ್ ನೋಡಲು ಹೋದೆ. ಊರೆಲ್ಲ ತಣ್ಣಗಿತ್ತು. ಅಣ್ಣ ನಡುವೆ ನಿಂತಿದ್ದ, ಉಳಿದವರು ಸುತ್ತ. ಒಬ್ಬನೂ ಬಾಯಿ ಬಿಡಲಿಲ್ಲ. ಬೇರೆ ತಂಡಗಳಲ್ಲಿ "ಇಕಡೇ, ಇಕಡೇ" ಎಂದು ಗಂಟಲು ಹರಿದುಕೊಳ್ಳುತ್ತಾರೆ. ಇವರು ಒಬ್ಬರ ಮೇಲೊಬ್ಬರು ಮುನಿಸಿಕೊಂಡ ದಾಯಾದಿಗಳಂತೆ ಸುಮ್ಮನೆ ಓಡಾಡುತ್ತಿದ್ದರು. ಅಣ್ಣ ನಡುನಡುವೆ ಕೈ ಎತ್ತಿ ಏನೋ ಮಾಡುತ್ತಿದ್ದ. ಬೆವರು ಒರೆಸಿಕೊಳ್ಳುತ್ತಿದ್ದಾನೆ ಎಂದುಕೊಂಡೆ. ಕೊಲ್ಹಾಪುರಕ್ಕೆ ಬಂದು, "ಈ ತಂಡದಲ್ಲಿ ಪರಸ್ಪರ ಮಾತೇ ಇಲ್ಲ, ಮೊದಲ ಸುತ್ತಿನಲ್ಲೇ ಮನೆಗೆ" ಎಂದು ಬರೆದೆ. ಅಣ್ಣನ ತಂಡವೆಂದು ಮುಲಾಜು ತೋರಿಸಲಿಲ್ಲ ಎಂದು ಒಳಗೊಳಗೇ ಹೆಮ್ಮೆಯೂ ಇತ್ತು.

ಅವರು ಮೊದಲ ಸುತ್ತು ಗೆದ್ದರು. ಎರಡನೆಯದಕ್ಕೂ ಸೋಲು ಬರೆದೆ, ಅದನ್ನೂ ಗೆದ್ದರು. ಎರಡು ಸಲವೂ ಜೋಡವಿಹೀರದವರು ಹಲಗಿ ತಂದು ನನ್ನನ್ನು ಮನೆಗೆ ಬಿಟ್ಟರು. ಇತ್ತ ನಮ್ಮ ಗಲ್ಲಿಯಲ್ಲಿ ಸಂಭ್ರಮವೋ ಸಂಭ್ರಮ. "ನಮ್ಮ ಮಲ್ಲು ಬೈದ್ರ ಗೆಲ್ತೀವಿ" ಎಂಬುದು ಅಲ್ಲಿ ಪಕ್ಕಾ ಆಗಿಹೋಗಿತ್ತು.

ಸೆಮಿಫೈನಲ್ ಗಡಹಿಂಗ್ಲಜದಲ್ಲಿ, ಗುರುಲಿಂಗಪ್ಪನ ತಂಡದ ಎದುರಿಗೆ. ಈ ಸಲವೂ ನಮ್ಮವರಿಗೆ ಸೋಲನ್ನೇ ಬರೆದಿದ್ದೆ. ಗಡಹಿಂಗ್ಲಜದವರಿಗೆ ಫುಟ್‌ಬಾಲ್ ಎಂದರೆ ಜೀವ. ಊರಿಗೆ ಊರೇ ಬಂದು ಗೆರೆಯ ಸುತ್ತ ನಿಂತಿತ್ತು. ತಗಡಿನ ಡಬ್ಬಿ, ಹಲಗಿ, ಸೀಟಿ, ಬಾಯಿ, ಸಿಕ್ಕಿದ್ದೆಲ್ಲ ಸದ್ದು ಮಾಡುತ್ತಿತ್ತು. ಪಕ್ಕದವನು ನನ್ನ ಕಿವಿಗೆ ಬಾಯಿ ಹಚ್ಚಿ ಏನೋ ಕೇಳಿದ, ತಿಳಿಯಲಿಲ್ಲ. ಗುರುಲಿಂಗಪ್ಪ ತನ್ನ ಹುಡುಗರಿಗೆ ಒದರುತ್ತಿದ್ದ, ಅವನ ಕೊರಳಿನ ನರ ಕಾಣುತ್ತಿತ್ತೇ ಹೊರತು ಮಾತು ಯಾರಿಗೂ ತಲುಪುತ್ತಿರಲಿಲ್ಲ. ಅಷ್ಟರಲ್ಲಿ ಅಣ್ಣ ಕೈ ಎತ್ತಿ ಎರಡು ಬೆರಳನ್ನು ಕತ್ತರಿಯಂತೆ ಆಡಿಸಿದ. ದೂರದಲ್ಲಿದ್ದ ಬ್ಯಾಕ್ ಒಮ್ಮೆಲೇ ಓಡಿ ಖಾಲಿ ಬಿದ್ದಿದ್ದ ಜಾಗ ತುಂಬಿದ.

ನಾನು ಕುಳಿತಲ್ಲಿಂದ ಎದ್ದು ನಿಂತೆ. ಎರಡು ಬೆರಳಿನ ಕತ್ತರಿ ಎಂದರೆ ಎಳೆ ಹರಿದಿದೆ, ನೋಡು ಎಂದು ಅರ್ಥ!

ಮಗ್ಗದ ಶೆಡ್ಡಿನೊಳಗೆ ಹೋದವರಿಗೆ ಗೊತ್ತು. ಲಾಳಿಗಳ ಬಡಿತದಲ್ಲಿ ಅಲ್ಲಿ ನಿಮ್ಮ ಮಾತು ನಿಮಗೇ ಕೇಳುವುದಿಲ್ಲ. ಅಲ್ಲಿ ದುಡಿಯುವವರು ದಿನವಿಡೀ ಕೈಯಲ್ಲೇ ಮಾತಾಡುತ್ತಾರೆ, ಕೈಯಲ್ಲೇ ಜಗಳಾಡುತ್ತಾರೆ, ಚೇಷ್ಟೆಯನ್ನೂ ಕೈಯಲ್ಲೇ ಮಾಡುತ್ತಾರೆ. ಎರಡೂ ಮುಷ್ಟಿ ಎದೆಯ ಹತ್ತಿರ ತಂದು ಮುಂದಕ್ಕೆ ದೂಡಿದರೆ ಮಗ್ಗ ಬಂದ್ ಮಾಡು ಎಂದು. ಐದೂ ಬೆರಳು ಕೂಡಿಸಿ ಬಾಯಿಯ ಹತ್ತಿರ ಒಯ್ದು, ಕೈಯನ್ನು ತನ್ನ ಕಡೆ ಬೀಸಿದರೆ ಬಾ, ಉಣ್ಣು ಎಂದು. ಬುತ್ತಿ ಒಯ್ದ ಅವ್ವ ಶೆಡ್ಡಿನ ಬಾಗಿಲಲ್ಲಿ ನಿಂತು ಅಪ್ಪನನ್ನು ಕರೆಯುತ್ತಿದ್ದದ್ದು ಹೀಗೆ. ನಾನು ನಡೆಯಲು ಕಲಿಯುವ ಮೊದಲೇ ಆ ಮಾತು ಕಲಿತಿದ್ದೆ. ಕೊಲ್ಹಾಪುರದ ತಣ್ಣನೆಯ ಆಫೀಸಿನಲ್ಲಿ ಕುಳಿತು ಕುಳಿತು ಮರೆತಿದ್ದೆ! ಮಗ್ಗದವನ ಮಗನಾಗಿ ಮಗ್ಗದವರಿಗೆ ಮಾತೇ ಇಲ್ಲ ಎಂದು ಅಚ್ಚು ಹಾಕಿಸಿದ್ದೆ. ಅದನ್ನು ನೆನೆದರೆ ಈಗಲೂ ನನಗೇ ನಗು ಬರುತ್ತದೆ.

ನಮ್ಮವರು ಸೆಮಿಫೈನಲ್ ಗೆದ್ದರು. ಗುರುಲಿಂಗಪ್ಪ ಬಂದು, "ಮೆಣಸಿನಕಾಯಿ ನಿವಾಳಸೂದು ಮರತಿದ್ವಿರಿ" ಎಂದ.

ಫೈನಲ್ ಕೊಲ್ಹಾಪುರದಲ್ಲಿ, ಜೋಡವಿಹೀರದ ಎದುರು. ಅಲ್ಲಿಯ ಗದ್ದಲದ ಮುಂದೆ ಗಡಹಿಂಗ್ಲಜದ್ದು ಏನೂ ಅಲ್ಲ. ಆ ಗದ್ದಲದಲ್ಲಿ ಮಾತು ನಡೆಯುವುದು ಒಂದೇ ತಂಡದೊಳಗೆ. ನಮ್ಮವರೇ ಗೆಲ್ಲುತ್ತಾರೆ ಎಂಬುದರಲ್ಲಿ ನನಗೆ ಕಾಳಿನಷ್ಟೂ ಅನುಮಾನ ಉಳಿಯಲಿಲ್ಲ. ಹಿಂದಿನ ದಿನ ಮುಂಜಾನೆ ಇಚಲಕರಂಜಿಗೆ ಹೋದೆ. ಮನೆಯ ಮುಂದೆ ಗಲ್ಲಿಯೇ ಸೇರಿತ್ತು.

"ಏನ ಬರೀತಿ?" ಅಣ್ಣ ಕೇಳಿದ.

"ಗೆಲ್ತೀರಂತ."

ಯಾರೋ ಹೆಣ ಬಿದ್ದ ಸುದ್ದಿ ತಂದಂತೆ ಎಲ್ಲರೂ ನನ್ನನ್ನು ನೋಡಿದರು. ನಾನು ಗದ್ದಲ, ಕೈಸನ್ನೆ ಎಂದು ವಿವರಿಸಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಅದೆಲ್ಲ ಖರೇ ಇರ್ಲಿ," ಅವ್ವ ಅಂದಳು, "ಈ ತನಕ ಬೈದಿ, ಗೆದ್ದಾರ. ಇದೊಂದ ಸಲ ಬೈಯಪ್ಪಾ. ನಿನಗ ಪೇಪರ್‌ದಾಗ ಒಂದ ಹೆಸರು, ಗಲ್ಲೀಗೆ ಒಂದ ಬೈಲು. ಯಾವದ ದೊಡ್ಡದು, ನೀನಽ ಹೇಳು."

"ಅವ್ವಾ, ನಾ ಬರದದ್ದಕ್ಕ ಯಾರೂ ಸೋಲೂದಿಲ್ಲ, ಗೆಲ್ಲೂದೂ ಇಲ್ಲ."

"ಹಂಗಾದ್ರ ಸೋಲ್ತಾರಂತ ಬರದ್ರ ನಿನಗೇನ ಹೋಗತೈತಿ?" ಎಂದ ಅಣ್ಣ. "ಗೆಲ್ತಾರಂತ ಬರದ್ರ ಈ ಗಲ್ಲೀಗೆ ಕಾಲ ಇಡಬ್ಯಾಡ" ಎಂದು ಒಳಗೆ ಹೋದ. ಅವನು ಹಾಗೆ ಎಂದೂ ಮಾತಾಡಿದವನಲ್ಲ. ಉಣ್ಣದೆ ಬಸ್ಸು ಹತ್ತಿದೆ.

ತಾತ್ಯಾರ ಮುಂದೆ ಎಲ್ಲ ಹೇಳಿಕೊಂಡೆ. ಅವರು ಕೇಳಿದ್ದು ಒಂದೇ: "ತುಝ್ಯಾ ಮನಾತ ಕೋಣ?" ನಿನ್ನ ಮನಸ್ಸಿನಲ್ಲಿ ಯಾರಿದ್ದಾರೆ?

"ಇಚಲಕರಂಜಿ."

"ಮಗ ತೇಚ ಲಿಹೀ." ಹಾಗಾದರೆ ಅದನ್ನೇ ಬರಿ. ಹೊರಟಿದ್ದವನನ್ನು ಮತ್ತೆ ಕರೆದು, "ಕಾರಣ ಪಣ ಲಿಹೀ" ಎಂದರು. ಕಾರಣವನ್ನೂ ಬರಿ.

ಬರೆದೆ. ನಮ್ಮವರಿಗೆ ಮಾತಿಲ್ಲ ಎಂದು ಬರೆದ ಸಂಕಟವನ್ನೆಲ್ಲ ತೀರಿಸಿಕೊಳ್ಳುವಂತೆ ಬರೆದೆ. ಶೆಡ್ಡು, ಲಾಳಿ, ಎರಡು ಬೆರಳಿನ ಕತ್ತರಿ, ಒಂದನ್ನೂ ಬಿಡಲಿಲ್ಲ. "ಕೊಲ್ಹಾಪುರದ ಜನ ಎಷ್ಟು ಕೂಗುತ್ತಾರೋ ಇಚಲಕರಂಜಿ ಅಷ್ಟು ಚೆನ್ನಾಗಿ ಆಡುತ್ತದೆ" ಎಂದು ಮುಗಿಸಿದೆ. ನನ್ನ ಜೀವಮಾನದಲ್ಲೇ ಅಷ್ಟು ಒಳ್ಳೆಯ ಅಂಕಣ ಬರೆದಿರಲಿಲ್ಲ, ಅಷ್ಟು ದಡ್ಡತನವನ್ನೂ ಮಾಡಿರಲಿಲ್ಲ. ಪೇಪರ್ ನಮ್ಮ ಗಲ್ಲಿಗಷ್ಟೇ ಹೋಗುವುದಿಲ್ಲ, ಜೋಡವಿಹೀರ ತಾಲೀಮಿಗೂ ಹೋಗುತ್ತದೆ ಎಂಬುದು ನನಗೆ ಹೊಳೆಯಲೇ ಇಲ್ಲ.

ಮುಂಜಾನೆ ವಸ್ತಾದ ಅಂಕಣವನ್ನು ತಾಲೀಮಿನಲ್ಲಿ ಎಲ್ಲರ ಮುಂದೆ ಓದಿಸಿದರಂತೆ. ಓದಿ ಮುಗಿದ ಮೇಲೆ ಒಂದೇ ಹುಕುಂ: "ಆಜ ತೋಂಡ ಬಂದ!" ಇವತ್ತು ಬಾಯಿ ಬಂದ್. ಪೇಟೆ ಪೇಟೆಗೆ ಸುದ್ದಿ ಹೋಯಿತು.

ಮಧ್ಯಾಹ್ನ ನಾನು ಮೈದಾನದೊಳಗೆ ಕಾಲಿಟ್ಟಾಗ ತಪ್ಪು ದಿನ ಬಂದೆನೇನೋ ಅನಿಸಿತು. ಕಣ್ಣು ಹಾಯುವವರೆಗೂ ಜನ, ಪಿಟ್ಟೆನ್ನುವವರಿಲ್ಲ. ಕೊಲ್ಹಾಪುರದ ಫುಟ್‌ಬಾಲ್ ಜನ ಸುಮ್ಮನೆ ಕುಳಿತದ್ದನ್ನು ಅದಕ್ಕೂ ಮೊದಲು ನಾನು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಕೆಲವರು ಟವೆಲ್ಲಿನ ತುದಿ ಬಾಯಿಗೆ ತುರುಕಿಕೊಂಡಿದ್ದರು. ಹಲಗಿಯವರು ಹಲಗಿಯ ಮೇಲೆ ಕುಳಿತಿದ್ದರು. ಶೇಂಗಾ ಮಾರುವವನು ಕೂಗಲಾರದೆ ಕೈಸನ್ನೆಯಲ್ಲೇ ಮಾರುತ್ತಿದ್ದ. ವಸ್ತಾದ ಮುಂದಿನ ಸಾಲಿನಲ್ಲಿ ನಿಂತು ತುಟಿಯ ಮೇಲೆ ಬೆರಳಿಟ್ಟು, ದೂರದಿಂದ ನನ್ನನ್ನು ನೋಡಿ ಮೀಸೆಯಡಿಯಲ್ಲಿ ನಕ್ಕರು. ಎಂದೂ ಮೈದಾನಕ್ಕೆ ಬಾರದ ತಾತ್ಯಾ ಅಂದು ನನ್ನ ಪಕ್ಕ ಕುಳಿತಿದ್ದರು. "ಕಾರಣ ಬರೆಯಿಸಬಾರದಿತ್ತು" ಎಂದು ಗೊಣಗಿದರು.

ಆಟ ಸುರುವಾಯಿತು. ಜೋಡವಿಹೀರದ ಕ್ಯಾಪ್ಟನ್ "ಡಾವೀಕಡೇ!" ಎಂದರೆ ಎಡಗಡೆಯವನಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ನಮ್ಮವರೋ, ಏನೋ ಕಳೆದುಕೊಂಡವರಂತೆ ಆಡುತ್ತಿದ್ದರು. ಮಗ್ಗದವನಿಗೆ ಸದ್ದು ನಿಂತಿತೆಂದರೆ ಏನೋ ಕೆಟ್ಟಿದೆ ಎಂದೇ ಅರ್ಥ, ಅವನ ಕೈ ತಾನಾಗಿ ಅಳುಕುತ್ತದೆ. ಶೇಟಜಿಯ ಟ್ರಕ್ಕಿನಲ್ಲಿ ಬಂದಿದ್ದ ಗಲ್ಲಿಯ ಹೆಂಗಸರು ಗಂಡಸರು ಕೂಗಿದರು. ಅಷ್ಟು ದೊಡ್ಡ ಬಯಲಿನಲ್ಲಿ ಅದು ಯಾರೋ ಕೆಮ್ಮಿದಷ್ಟೇ ಕೇಳಿಸಿತು. ಅರ್ಧ ಆಟ ಗೋಲಿಲ್ಲದೆ ಹೇಗೋ ಕಳೆಯಿತು. ಅಣ್ಣ ನಮ್ಮ ಕಡೆ ಒಮ್ಮೆ ನೋಡಿದ. ನಮ್ಮ ಹುಡುಗರ ಬಯಲನ್ನು ನಾನೇ ನನ್ನ ಕೈಯಾರೆ ಕಳೆದೆ ಎಂದುಕೊಂಡೆ.

ಎರಡನೆಯ ಅರ್ಧದಲ್ಲಿ ಜೋಡವಿಹೀರದ ಫಾರ್ವರ್ಡ್ ನಮ್ಮ ಮೂವರನ್ನು ದಾಟಿ, ಓರೆಯಾಗಿ ನಿಂತು, ಮೇಲಿನ ಮೂಲೆಗೆ ಹೊಡೆದ. ಅಂಥ ಗೋಲು ಅಪರೂಪ, ನಮ್ಮವರ ಮೇಲೆ ಬಿದ್ದದ್ದಲ್ಲದಿದ್ದರೆ ನಾನೇ ಕೈ ತಟ್ಟುತ್ತಿದ್ದೆ. ಒಂದು ಗಳಿಗೆ ಎಲ್ಲ ತಣ್ಣಗೆ. ಆಮೇಲೆ ಇಡೀ ಮೈದಾನದಲ್ಲಿ ಒಂದೇ ದನಿ ಎದ್ದಿತು.

"ಶಾಬ್ಬಾಸ ರೇ ಪಠ್ಠ್ಯಾ!"

ಕೂಗಿದವರು ವಸ್ತಾದರೇ! ತಮ್ಮ ಶಿಷ್ಯ ಅಂಥ ಗೋಲು ಹೊಡೆದರೆ ಯಾವ ಗುರು ಬಾಯಿ ಮುಚ್ಚಿಕೊಂಡಿದ್ದಾನು? ಅಷ್ಟೇ ಸಾಕಾಯಿತು. ಬೆಳಗಿನಿಂದ ತಡೆದಿಟ್ಟದ್ದೆಲ್ಲ ಒಮ್ಮೆಲೇ ಹೊರಬಿತ್ತು. ಹಲಗಿ, ಸೀಟಿ, ಫಟಾಕಿ, ಟೋಪಿಗಳು ಮೇಲೆ. ವಸ್ತಾದರಿಗೆ ತಮ್ಮ ತಪ್ಪು ಹೊಳೆಯಿತು. "ಗಪ್ ಬಸಾ, ಗಪ್ ಬಸಾ", ಸುಮ್ಮನೆ ಕೂಡಿರಿ ಎಂದು ಎರಡೂ ಕೈ ಬೀಸಿ ಒದರತೊಡಗಿದರು. ಆ ಗದ್ದಲದಲ್ಲಿ ಅವರ ಮಾತು ಯಾರಿಗೆ ಕೇಳಬೇಕು? ವಸ್ತಾದರೇ ಕುಣಿಯುತ್ತಿದ್ದಾರೆ ಎಂದು ತಿಳಿದು ಹಿಂದಿನ ಸಾಲುಗಳವರೂ ಕೈ ಬೀಸಿ ಕುಣಿದರು. ತಾತ್ಯಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ನಾನು ನಮ್ಮವರನ್ನು ನೋಡಿದೆ. ಅವರ ಮುಖ ಬದಲಾಗಿತ್ತು. ಬೆಳಿಗ್ಗೆ ಶೆಡ್ಡಿನಲ್ಲಿ ಮೋಟಾರು ಚಾಲೂ ಆದ ಕೂಡಲೇ ಆಳುಗಳು ಸೊಂಟ ಬಿಗಿದು ನಿಲ್ಲುತ್ತಾರಲ್ಲ, ಹಾಗೆ ನಿಂತಿದ್ದರು. ಅಣ್ಣನ ಕೈ ಮೇಲೆದ್ದಿತು. ಎರಡು ಬೆರಳು ಆಡಿದವು, ಎಡಗಡೆಯವನು ಓಡಿದ. ಮುಷ್ಟಿ ಮುಂದೆ ಹೋಯಿತು, ಚೆಂಡು ಇದ್ದವನು ಗಪ್ಪನೆ ನಿಂತ. ಜೋಡವಿಹೀರದ ಕೀಪರ್ ತನ್ನ ಬ್ಯಾಕುಗಳಿಗೆ ಕೂಗಿ ಕೂಗಿ ಸೋತ. ಗೋಲು ಸಮನಾಯಿತು. ಗಾಬರಿಯಾದ ಜನ ತಮ್ಮವರಿಗೆ ಹುರುಪು ಕೊಡಲು ಇನ್ನಷ್ಟು ಕೂಗಿದರು. ಅವರು ಕೂಗಿದಷ್ಟೂ ನಮ್ಮವರು ಚೆನ್ನಾಗಿ ಆಡಿದರು. ನಾನು ಬರೆದದ್ದು ಅಕ್ಷರ ಅಕ್ಷರ ನಡೆಯುತ್ತಿತ್ತು. ಆಟ ಮುಗಿಯುವ ಮುಂಚೆ ಅಣ್ಣನೇ ಎರಡನೆಯ ಗೋಲು ಹೊಡೆದ. ನಾನು ತಾತ್ಯಾರನ್ನು ತಬ್ಬಿಕೊಂಡುಬಿಟ್ಟೆ. ಅವರ ಕನ್ನಡಕ ಎಲ್ಲೋ ಬಿತ್ತು.

ಸೀಟಿ ಊದಿದ ಮೇಲೂ ಗದ್ದಲ ನಿಲ್ಲಲಿಲ್ಲ. ಒಳ್ಳೆಯ ಆಟ ಕಂಡರೆ ಕೊಲ್ಹಾಪುರದವರು ಗೆದ್ದವನು ಯಾವ ಊರಿನವನೆಂದು ಕೇಳುವುದಿಲ್ಲ. ಶೇಟಜಿ ಕುರ್ಚಿಯ ಮೇಲೆ ಹತ್ತಿ ನಿಂತು ತಂಡಕ್ಕೆ ಏನೋ ಹೇಳಲು ನೋಡಿದರು, ಕೇಳಿಸಲಿಲ್ಲ. ಕಡೆಗೆ ಅವರು ಎರಡೂ ಮುಷ್ಟಿಗಳನ್ನು ಎದೆಯ ಹತ್ತಿರ ತಂದು ಮುಂದಕ್ಕೆ ದೂಡಿದರು. ಮಗ್ಗ ಬಂದ್. ಆಮೇಲೆ ಅಂಗೈಯನ್ನು ಚಪ್ಪಟೆ ಮಾಡಿ ಅಗಲಕ್ಕೆ ಆಡಿಸಿದರು, ಬಯಲು ಬಯಲಾಗಿಯೇ ಇರಲಿ ಎಂದು. ಮೈದಾನದಲ್ಲಿ ಅದು ತಿಳಿದದ್ದು ಹನ್ನೊಂದು ಜನಕ್ಕೆ, ಆ ಟ್ರಕ್ಕಿನವರಿಗೆ ಮತ್ತು ನನಗೆ. ಆ ಹನ್ನೊಂದು ಜನ ನೆಲಕ್ಕೆ ಬಿದ್ದು ಹುಡುಗರಂತೆ ಹೊರಳಾಡಿದರು.

ಅಷ್ಟರಲ್ಲಿ ಜೋಡವಿಹೀರದ ಹುಡುಗರು ಹಲಗಿ ತಗೊಂಡು ನನ್ನ ಸುತ್ತ ನಿಂತಿದ್ದರು. ಸೋತ ಬೇಸರ ಮುಖದಲ್ಲಿತ್ತು, ನಗೆಯೂ ಇತ್ತು. "ಚಲಾ ಸಾಹೇಬ, ಘರೀ ಸೋಡತೋ."

"ಅರೆ, ಇವತ್ತು ನಾನು ಬರೆದದ್ದು ಸರಿಯಾಗಿದೆಯಲ್ಲ!"

"ಅದಕ್ಕೇ ಇವತ್ತು ಮಾನದಿಂದ ಬಿಡ್ತೀವ್ರಿ" ಎಂದ ಅವರೊಳಗಿನ ಕನ್ನಡದವನೊಬ್ಬ. "ಹೇಳ್ರಿ, ಯಾವ ಮನೀಗೆ?"

ಗಲ್ಲಿಗೆ ಕಾಲಿಡಬೇಡ ಎಂದಿದ್ದ ಅಣ್ಣನ ಮಾತು ಕಿವಿಯಲ್ಲೇ ಇತ್ತು. ತಲೆ ಎತ್ತಿ ನೋಡಿದೆ. ಮೈದಾನದ ಆ ಬದಿಯಲ್ಲಿ ಯಾರದೋ ಹೆಗಲ ಮೇಲೆ ಅಣ್ಣ ಕುಳಿತಿದ್ದ. ಅಷ್ಟು ಜನರ ನಡುವೆ ಅವನು ನನ್ನನ್ನೇ ಹುಡುಕುತ್ತಿದ್ದ. ಕಣ್ಣು ಕೂಡಿದ ಕೂಡಲೇ ಐದೂ ಬೆರಳು ಕೂಡಿಸಿ ಬಾಯಿಯ ಹತ್ತಿರ ಒಯ್ದ. ಆಮೇಲೆ ಕೈಯನ್ನು ತನ್ನ ಕಡೆ ಬೀಸಿದ.

ಬಾ, ಉಣ್ಣು.

ಮುಂದಿನದೆಲ್ಲ ನನಗೆ ಮಂಜು ಮಂಜಾಗಿ ಕಂಡಿತು. ತಾತ್ಯಾ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು, "ಜಾ, ಬಾತಮೀ ಮೀ ಲಿಹಿತೋ" ಎಂದರು. ಹೋಗು, ಸುದ್ದಿ ನಾನು ಬರೆಯುತ್ತೇನೆ. ಹಲಗಿಯವರು ಬಡಿಯುತ್ತ ಬಡಿಯುತ್ತ ನನ್ನನ್ನು ಶೇಟಜಿಯ ಟ್ರಕ್ಕಿನವರೆಗೆ ಬಿಟ್ಟು ಹೋದರು. ಅಂದು ನಾನು ಟೋಪಿ ಹುಡುಕಲಿಲ್ಲ. ಟ್ರಕ್ಕಿನಲ್ಲಿ ಅವ್ವ ಬುತ್ತಿ ಬಿಚ್ಚಿ, ರೊಟ್ಟಿಯ ಮೇಲೆ ಕೆಂಪು ಚಟ್ನಿ ಹಾಕಿ ನನ್ನ ಕೈಗೆ ಕೊಟ್ಟಳು. ನಾನು ಉಣ್ಣುವುದನ್ನು ಸ್ವಲ್ಪ ಹೊತ್ತು ನೋಡಿದಳು.

"ಹೆಸರ ಬರಿ, ಬ್ಯಾಡ ಅನ್ನೂದಿಲ್ಲ" ಎಂದಳು. "ಆದ್ರ ಮುಂದಿನ ಸಲ ಕಾರಣ ಬರೀಬ್ಯಾಡಪ್ಪಾ."